ಹಾರದು ಸರಿ, ಇಳಿಯದೆಲ್ಲಿ?

ಸಿದ್ದಾಪುರ ತಾಲೂಕಿನ ಬಿಳಗಿ ಸೀಮೆಯಲ್ಲಿ ಸಂಚಾಲಕರಿಲ್ಲದ ಊರಿಲ್ಲ. ಊರಿಗೆ ಬಸ್ಸು ಬರದಿರಬಹುದು, ಮೊಬೈಲು ಹಿಡಿದು ಗುಡ್ಡ ಹತ್ತಿದರೂ ನೆಟ್‌ವರ್ಕ್ ಸಿಗದಿರಬಹುದು, ಸಂಚಾಲಕರು ಮಾತ್ರ ಇದ್ದೇ ಇರುತ್ತಾರೆ. ವಾಲಿಬಾಲ್ ಪಂದ್ಯಾವಳಿ, ಆಲೆಮನೆ ಹಬ್ಬ, ಹಲಸಿನ ಮೇಳ, ತಾಳಮದ್ದಲೆ, ನೇತ್ರ ತಪಾಸಣಾ ಶಿಬಿರ, ಮಾಸ್ತರರ ಬೀಳ್ಕೊಡುಗೆ - ಏನೇ ಇರಲಿ, ಆಮಂತ್ರಣ ಪತ್ರಿಕೆಯಲ್ಲಿ ‘ತಮ್ಮ ಆಗಮನಾಭಿಲಾಷಿಗಳು’ ಎಂಬ ಸಾಲಿನ ಕೆಳಗೆ ಮೊದಲ ಹೆಸರು ಅವರದು.

ಈ ಬರಹದ ಸಂಚಾಲಕರನ್ನು ಹುಡುಕಿಕೊಂಡು ಯಾರೂ ಬಿಳಗಿಗೆ ಬರುವ ಶ್ರಮ ತೆಗೆದುಕೊಳ್ಳಬೇಕಿಲ್ಲ. ಸಿದ್ದಾಪುರದಿಂದ ಯಲ್ಲಾಪುರದವರೆಗಿನ ಹತ್ತಾರು ಸಂಚಾಲಕರನ್ನು ಕಲಸಿ ಇವರೊಬ್ಬರನ್ನು ಮಾಡಲಾಗಿದೆ. ಅವರ ಸ್ಪರ್ಧೆಯೂ ಹಾಗೇ ಹುಟ್ಟಿದ್ದು. ಸುತ್ತಲಿನ ಗುಡ್ಡ, ಗಾಳಿ, ಕಾನೂನು ಮತ್ತು ಅಡಿಕೆ ಮಾತ್ರ ನಿಜ.

ಗುರುತು ಹಿಡಿಯುವುದು ಸುಲಭ. ಬೈಕಿನ ಪೆಟ್ಟಿಗೆಯಲ್ಲಿ ಸುತಳಿ ಉಂಡೆ, ಹಿಂದಿನ ವರ್ಷದ ಬ್ಯಾನರು, ರಸೀದಿ ಪುಸ್ತಕ, ಯಾವ ಗಳಿಗೆಯಲ್ಲಿ ಯಾರಿಗೆ ಬೇಕಾದರೂ ಹೊದೆಸಬಹುದಾದ ಒಂದು ಶಾಲು. ಕಿಸೆಯಲ್ಲಿ ಎರಡು ಪೆನ್ನು: ಒಂದು ಬರೆಯುವುದಕ್ಕೆ, ಇನ್ನೊಂದು ದೇಣಿಗೆ ಕೊಡುವವರಿಗೆ. ಎರಡೆಕರೆ ಅಡಿಕೆ ತೋಟ ಅವರನ್ನು ಸಾಕುತ್ತದೆ, ಅವರು ಸಮಿತಿಗಳನ್ನು ಸಾಕುತ್ತಾರೆ. ಊಟಕ್ಕೆ ಕೂತಾಗ ಇನ್ನೊಂದು ಸೌಟು ತಂಬುಳಿ ಬೇಕಿದ್ದರೂ ಪ್ರಾಸ್ತಾವಿಕ ನುಡಿ ಮುಗಿಸದೆ ಕೇಳುವುದಿಲ್ಲ ಎಂಬುದು ಮನೆಯವರ ದೂರು.

ಇಂಥವರಿಗೆ ತಗಲುವ ರೋಗ ಒಂದೇ: ‘ಪ್ರಪ್ರಥಮ ಬಾರಿಗೆ’. ಪಕ್ಕದ ಊರಿನವರು ಹೊನಲು ಬೆಳಕಿನ ವಾಲಿಬಾಲ್ ಮಾಡಿದ ಮೇಲೆ ಹಗಲು ವಾಲಿಬಾಲ್ ಮಾಡಲು ಸಂಚಾಲಕರಿಗೆ ಮನಸ್ಸೇ ಬರಲಿಲ್ಲ. ಅವರು ಕೆಸರುಗದ್ದೆ ಓಟ ಮಾಡಿದ ವರ್ಷ ಇವರಿಗೆ ಗದ್ದೆಯ ಮೇಲೇ ವೈರಾಗ್ಯ ಬಂತು. ನೆಲದ ಮೇಲೆ ಮಾಡಬಹುದಾದದ್ದೆಲ್ಲವನ್ನೂ ಯಾರೋ ಒಬ್ಬರು ಮೊದಲೇ ಮಾಡಿ ಮುಗಿಸಿದ್ದರು. ಉಳಿದದ್ದು ಆಕಾಶ.

ಆಕಾಶದ ಆಸೆ ಹುಟ್ಟಿದ್ದು ಉತ್ತರ ಭಾರತ ಯಾತ್ರೆಯಲ್ಲಿ. ಹಿಮಾಚಲದ ಕಾಂಗಡಾ ಜಿಲ್ಲೆಯ ಬೈಜನಾಥ ದೇವಸ್ಥಾನಕ್ಕೆ ಹೋದವರೆಲ್ಲ ಕೈಮುಗಿದು ಒಳಗೆ ನಡೆದರೆ ಸಂಚಾಲಕರು ಹೊರಗೆ ನಿಂತು ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಹತ್ತಿರದ ಬಿಲ್ಲಿಂಗ್ ಎಂಬ ಗುಡ್ಡದಿಂದ ಹಾರಿದ ಬಣ್ಣದ ರೆಕ್ಕೆಗಳು ಅಲ್ಲಿ ಸುತ್ತು ಹೊಡೆಯುತ್ತಿದ್ದವು. 2015ರ ಅಕ್ಟೋಬರಿನಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ಪಿನ ಒಂದು ಸುತ್ತು ಅಲ್ಲೇ ನಡೆದಿತ್ತು ಎಂದು ಚಹಾದಂಗಡಿಯವನು ಹೇಳಿದ. ಬೈಜನಾಥನ ದರ್ಶನ ತಪ್ಪಿತು, ವಿಶ್ವಕಪ್ಪು ತಲೆಗೆ ಹೊಕ್ಕಿತು.

ಊರಿಗೆ ಬಂದು ಕೇಳಿದರೆ ಪ್ಯಾರಾಗ್ಲೈಡಿಂಗ್ ಹೊಸತೇನಲ್ಲ, ಮಹಾರಾಷ್ಟ್ರದ ಕಾಮಶೇತಿನಲ್ಲಿ ಕಲಿಸುತ್ತಾರೆ, ಕೇರಳದ ವಾಗಮನ್‌ನಲ್ಲಿ ಉತ್ಸವವೇ ನಡೆಯುತ್ತದೆ ಎಂದು ಗೊತ್ತಾಯಿತು. ‘ಪ್ರಪ್ರಥಮ’ಕ್ಕೆ ಕುತ್ತು. ಆಗ ಕೈಹಿಡಿದದ್ದು ಹ್ಯಾಂಗ್ ಗ್ಲೈಡಿಂಗ್. ಪ್ಯಾರಾಗ್ಲೈಡರ್ ಎಂದರೆ ಬರೀ ಬಟ್ಟೆ ಮತ್ತು ದಾರ, ಮಡಿಸಿದರೆ ಬೆನ್ನಿಗೆ ಹಾಕುವ ಚೀಲ. ಹ್ಯಾಂಗ್ ಗ್ಲೈಡರಿಗೆ ಅಲ್ಯೂಮಿನಿಯಂ ಕೊಳವೆಗಳ ಎಲುಬುಂಟು, ಬಿಗಿದು ಕಟ್ಟಿದ ತ್ರಿಕೋನ ರೆಕ್ಕೆ, ಅದರ ಕೆಳಗೆ ಮನುಷ್ಯ ಬೋರಲಾಗಿ ತೂಗುತ್ತಾನೆ. ತೂಕ ಇಪ್ಪತ್ತೈದು ಮೂವತ್ತು ಕಿಲೋ, ಮಡಿಸಿದರೂ ಐದಾರು ಮೀಟರ್ ಉದ್ದ. ಸಾಗಿಸುವುದು ಕಷ್ಟ, ಕಲಿಯುವುದು ಕಷ್ಟ, ದೇಶದಲ್ಲಿ ಹಾರಿಸುವವರು ಬೆರಳೆಣಿಕೆಯಷ್ಟು. ಸಂಚಾಲಕರಿಗೆ ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕಿರಲಿಲ್ಲ. ‘ರಾಜ್ಯಮಟ್ಟದ ಪ್ರಪ್ರಥಮ ಗ್ರಾಮೀಣ ಹ್ಯಾಂಗ್ ಗ್ಲೈಡಿಂಗ್ ಸ್ಪರ್ಧೆ’ ಎಂದು ಅಂದು ರಾತ್ರಿಯೇ ಲೆಟರ್‌ಹೆಡ್ ಸಿದ್ಧವಾಯಿತು. ಸ್ಪರ್ಧಿಗಳೆಲ್ಲಿ ಎಂಬುದು ಲೆಟರ್‌ಹೆಡ್ಡಿನ ವಿಷಯವಲ್ಲ.

ಮೊದಲ ಸಭೆ ಸಂಚಾಲಕರ ಜಗಲಿಯಲ್ಲಿ. ಆಸ್ರಿಗೆ ಎಂದು ಮಜ್ಜಿಗೆ ಬಂತು, ಕವಳದ ತಬಕು ಒಂದು ಸುತ್ತು ತಿರುಗಿತು, ಸಮಿತಿ ಹುಟ್ಟಿತು. ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಮೂವರು ಉಪಾಧ್ಯಕ್ಷರು, ಸ್ವಾಗತ ಸಮಿತಿ, ಆಹಾರ ಸಮಿತಿ, ವೇದಿಕೆ ಸಮಿತಿ. ಹಾರುವುದಕ್ಕೆ ಸಮಿತಿ ಆಗಿಲ್ಲವಲ್ಲ ಎಂದು ಯಾರೋ ನೆನಪಿಸಿದರು. ಅದನ್ನು ನಿವೃತ್ತ ಮಾಸ್ತರಿಗೆ ಒಪ್ಪಿಸಲಾಯಿತು. ಸಭೆಯಲ್ಲಿ ಕನ್ನಡಕ ಹಾಕಿಕೊಂಡು ಬಂದವರು ಅವರೊಬ್ಬರೇ.

ಮಾಸ್ತರು ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡರು. ಅದೇ ಮುಂದೆ ತೊಂದರೆಗೆ ಮೂಲವಾಯಿತು. ಎರಡನೆಯ ಸಭೆಗೆ ಅವರು ಒಂದು ನೋಟುಬುಕ್ ಹಿಡಿದು ಬಂದರು. ಜರ್ಮನಿಯ ಓಟೊ ಲಿಲಿಯೆಂಥಾಲ್ ಎಂಬ ಇಂಜಿನಿಯರು 1890ರ ದಶಕದಲ್ಲಿ ತಾನೇ ಕಟ್ಟಿದ ರೆಕ್ಕೆ ತೊಟ್ಟು ಎರಡು ಸಾವಿರದಷ್ಟು ಸಲ ತೇಲಿದ. ಬರ್ಲಿನ್ ಹತ್ತಿರ ಗುಡ್ಡ ಸಿಗದೆ 1894ರಲ್ಲಿ ಹದಿನೈದು ಮೀಟರಿನ ಗುಡ್ಡವೊಂದನ್ನು ಕಟ್ಟಿಸಿಕೊಂಡ. “ಕೇಳಿದ್ರಾ! ಅವ ಗುಡ್ಡ ಕಟ್ಟಿದ. ನಮ್ಮ ಸೀಮೆಲಿ ಗುಡ್ಡ ಬಿಟ್ಟರೆ ಎಂತ ಇದ್ದು?” ಎಂದು ಸಂಚಾಲಕರು ತೊಡೆ ತಟ್ಟಿದರು. 1896ರ ಆಗಸ್ಟಿನಲ್ಲಿ ಆತ ಗಾಳಿಗೆ ಸಿಕ್ಕಿ ಬಿದ್ದು ಸತ್ತ ಎಂಬ ಮುಂದಿನ ಸಾಲು ಆ ತೊಡೆ ತಟ್ಟಿದ ಸದ್ದಿನಲ್ಲಿ ಮುಳುಗಿಹೋಯಿತು.

ಅಮೆರಿಕದ ಫ್ರಾನ್ಸಿಸ್ ರೊಗ್ಯಾಲೊ ಮತ್ತು ಅವರ ಹೆಂಡತಿ ಗರ್ಟ್ರೂಡ್ 1948ರಲ್ಲಿ ಮೆತ್ತನೆಯ ತ್ರಿಕೋನ ರೆಕ್ಕೆಯೊಂದನ್ನು ಮಾಡಿದರು, ಅದಕ್ಕೆ ಅಡುಗೆಮನೆಯ ಕಿಟಕಿ ಪರದೆಯ ಬಟ್ಟೆ ಬಳಸಿದ್ದರು ಎಂದು ಓದಿದಾಗ ಒಳಗಿನಿಂದ ಪಾತ್ರೆಯೊಂದು ಸ್ವಲ್ಪ ಜೋರಾಗಿಯೇ ಸದ್ದು ಮಾಡಿತು. ಸಂಚಾಲಕರ ಮನೆಯವರು ತಮ್ಮ ಕಿಟಕಿ ಪರದೆಗಳನ್ನು ಅಂದೇ ಒಗೆಯಲು ತೆಗೆದಿಟ್ಟರೆಂದು ಆಮೇಲೆ ತಿಳಿಯಿತು.

ಸಭೆ ನಿಜವಾಗಿ ಎದ್ದು ಕೂತದ್ದು ಆಸ್ಟ್ರೇಲಿಯಾದ ಕತೆಗೆ. ನ್ಯೂ ಸೌತ್ ವೇಲ್ಸಿನ ಗ್ರಾಫ್ಟನ್ ಒಂದು ಸಣ್ಣ ಊರು. ಅಲ್ಲಿ ಜಕರಂಡಾ ಹೂವಿನ ಹೆಸರಿನಲ್ಲಿ ವರ್ಷಾವರ್ಷ ಉತ್ಸವ. ಅದರಲ್ಲಿ ಏನಾದರೂ ಹೊಸತು ತೋರಿಸಬೇಕೆಂದು ಊರಿನ ವಾಟರ್ ಸ್ಕೀ ಕ್ಲಬ್ಬಿನವರು ಜಾನ್ ಡಿಕನ್‌ಸನ್ ಎಂಬ ತಂತ್ರಜ್ಞನಿಗೆ ಗಂಟುಬಿದ್ದರು. 1963ರಲ್ಲಿ ಅವರು ರೊಗ್ಯಾಲೊ ರೆಕ್ಕೆಗೆ ತ್ರಿಕೋನದ ಹಿಡಿಕೆ ಜೋಡಿಸಿ, ಮೈಯ ಭಾರವನ್ನು ಅತ್ತಿತ್ತ ಸರಿಸಿದರೆ ದಿಕ್ಕು ತಿರುಗುವಂತೆ ಮಾಡಿದರು. ಇವತ್ತಿನ ಹ್ಯಾಂಗ್ ಗ್ಲೈಡರಿನ ರೂಪ ಅಲ್ಲಿಂದಲೇ ಬಂದದ್ದು. ಆ ಮೊದಲ ರೆಕ್ಕೆಗೆ ಹೊದೆಸಿದ್ದು ಬಾಳೆಗೊನೆಗೆ ಮುಚ್ಚುವ ಪ್ಲಾಸ್ಟಿಕ್.

ಬಾಳೆಗೊನೆಯ ಪ್ಲಾಸ್ಟಿಕ್ ಎಂದದ್ದೇ ಜಗಲಿಯಲ್ಲಿ ಮಿಂಚು ಹರಿಯಿತು. ಮಳೆಗಾಲಕ್ಕೆ ಮುಂಚೆ ಕೊಳೆರೋಗ ತಡೆಯಲು ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ಸೀಮೆ ಇದು. ಪ್ಲಾಸ್ಟಿಕ್ ಕೊಟ್ಟೆಯ ಕಟ್ಟು ಪ್ರತಿ ಮನೆಯ ಅಟ್ಟದಲ್ಲಿದೆ. ಈಚೆಗೆ ಕೊನೆ ಕೊಯ್ಯಲು ಕಾರ್ಬನ್ ಫೈಬರಿನ ದೋಟಿಯೂ ಬಂದಿದೆ; ಹೊಸಕಾಲದ ಹ್ಯಾಂಗ್ ಗ್ಲೈಡರುಗಳಲ್ಲೂ ಕಾರ್ಬನ್ ಫೈಬರ್ ಇರುತ್ತದೆಂದು ಮಾಸ್ತರ ನೋಟುಬುಕ್ ಹೇಳುತ್ತಿತ್ತು. ಕೊಟ್ಟೆ ಇದೆ, ದೋಟಿ ಇದೆ, ಅಂದಮೇಲೆ ರೆಕ್ಕೆ ಮುಕ್ಕಾಲುಪಾಲು ಆದಂತೆಯೇ ಎಂದು ಠರಾವಾಯಿತು. ಅದಕ್ಕಿಂತ ಮುಖ್ಯವಾಗಿ, ಒಂದು ಕ್ರೀಡೆ ಹುಟ್ಟಿದ್ದೇ ಊರ ಉತ್ಸವ ಸಮಿತಿಯ ಒತ್ತಾಯಕ್ಕೆ ಎಂಬ ಸುದ್ದಿ ಸಂಚಾಲಕರ ಕಣ್ಣಲ್ಲಿ ನೀರು ತರಿಸಿತು. ಗ್ರಾಫ್ಟನ್ನಿನ ಆ ಅನಾಮಿಕ ಕಾರ್ಯದರ್ಶಿಗೆ ಒಂದು ಶಾಲು ಹೊದೆಸಲಾಗಲಿಲ್ಲವಲ್ಲ ಎಂಬ ಕೊರಗು ಅವರಿಗೆ ಇನ್ನೂ ಇದೆ.

ದಿನಾಂಕ ಗೊತ್ತು ಮಾಡಲು ಮೂರು ಸಭೆ ಬೇಕಾಯಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಆಗ ಇಲ್ಲಿ ಕೊಡೆಯೂ ನೆಟ್ಟಗೆ ಹಾರುವುದಿಲ್ಲ. ಅಕ್ಟೋಬರಿನಲ್ಲಿ ನವರಾತ್ರಿ. ನವೆಂಬರಿನಿಂದ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಆಗ ಅಪ್ಪ ಸತ್ತರೂ ಹನ್ನೆರಡನೆಯ ದಿನಕ್ಕೆ ಜನ ಸೇರಿಸುವುದು ಕಷ್ಟ. ಫೆಬ್ರವರಿ ಮಾರ್ಚಿನಲ್ಲಿ ಗಾಳಿ ಚೆನ್ನ, ಮಧ್ಯಾಹ್ನದ ಹೊತ್ತಿಗೆ ಪಡುವಣ ಕಡಲಿನಿಂದ ಬಂದದ್ದು ಘಟ್ಟಕ್ಕೆ ತಾಗಿ ಮೇಲೇಳುತ್ತದೆ. ರೆಕ್ಕೆ ಗಾಳಿಗೆ ಎದುರಾಗಿ ಓಡಿಯೇ ಏಳಬೇಕಾದ್ದರಿಂದ ಪಡುಮುಖದ ಗುಡ್ಡವಿದ್ದರೆ ಸಾಕು. ಆದರೆ ಆಗಲೇ ಚಾಲಿ ಅಡಿಕೆ ಒಣಗುವ ಕಾಲ, ಆಲೆಮನೆಯ ಕಾಲ, ಯಕ್ಷಗಾನದ ಆಟದ ಕಾಲ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಬೇರೆ. ಏಪ್ರಿಲ್ ಮೇನಲ್ಲಿ ಮದುವೆ, ಉಪನಯನ, ಅಡುಗೆಭಟ್ಟರು ಸಿಗುವುದಿಲ್ಲ. ಅಡುಗೆಭಟ್ಟರಿಲ್ಲದೆ ರಾಜ್ಯಮಟ್ಟ ಎಂಬುದು ಹೇಗೆ ಸಾಧ್ಯ?

ಕೊನೆಗೆ ಖಜಾಂಚಿಯೇ ಒಂದು ದಿನ ಹುಡುಕಿದರು: ಫೆಬ್ರವರಿ 29. ಅಂದು ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ವಾರ್ಷಿಕೋತ್ಸವ ಬಾರದ ಭಯ. ನಾಲ್ಕು ವರ್ಷಕ್ಕೊಮ್ಮೆ ಬರುವುದರಿಂದ ಒಲಿಂಪಿಕ್ಸಿನ ಗೌರವವೂ ಸಿಗುತ್ತದೆ, ದೇಣಿಗೆ ಎತ್ತಲು ಸಮಯವೂ ಸಿಗುತ್ತದೆ. ಸಂಚಾಲಕರು ಚಪ್ಪಾಳೆ ಹೊಡೆಸಿದರು.

ಆಮೇಲೆ ಸ್ಥಳ ಪರಿಶೀಲನೆ. ನೀಲ್ಕುಂದ ದಾಟಿ ಭೀಮನಗುಡ್ಡದ ತುದಿಗೆ ಜೀಪು ಏರಿತು. ಎದುರಿಗೆ ಅಘನಾಶಿನಿಯ ಕಣಿವೆ, ಮಡಿಕೆ ಮಡಿಕೆಯಾಗಿ ಹಸಿರು, ತುದಿಯಲ್ಲಿ ಕಡಲಿನ ಗೆರೆ. ಸಂಚಾಲಕರು ತೋಳು ಚಾಚಿ ಸ್ಪರ್ಧೆಯ ದಾರಿ ತೋರಿಸಿದರು. ಈಗಿನ ಸ್ಪರ್ಧೆಗಳಲ್ಲಿ ನಕ್ಷೆಯ ಮೇಲೆ ಕೆಲವು ಬಿಂದು ಗುರುತಿಸಿ, ಪ್ರತಿ ಬಿಂದುವಿನ ಸುತ್ತ ಕಣ್ಣಿಗೆ ಕಾಣದ ವೃತ್ತ ಎಳೆಯುತ್ತಾರೆ. ಹಾರುವವರು ಒಂದೊಂದನ್ನೂ ಮುಟ್ಟಿ ಗುರಿ ಸೇರಬೇಕು, ಜಿಪಿಎಸ್ ಅದಕ್ಕೆ ಸಾಕ್ಷಿ. ಸಂಚಾಲಕರು ಆರಿಸಿದ ಬಿಂದುಗಳು: ಭುವನಗಿರಿಯ ಭುವನೇಶ್ವರಿ, ಬಿಳಗಿಯ ರತ್ನತ್ರಯ ಬಸದಿ, 116 ಮೀಟರ್ ಧುಮುಕುವ ಉಂಚಳ್ಳಿ ಜಲಪಾತ. ಭುವನೇಶ್ವರಿಗೆ ವೃತ್ತ ಮುಟ್ಟಿದರೆ ಸಾಲದು, ಪೂರ್ತಿ ಒಂದು ಪ್ರದಕ್ಷಿಣೆ ಆಗಬೇಕು ಎಂದು ನಿಯಮಾವಳಿಯಲ್ಲಿ ಸೇರಿಸಲು ಹೇಳಿದರು. ಎಡಕ್ಕೆ ತಿರುಗಿದವರು ಅನರ್ಹರು.

ಆಗ ಮಾಸ್ತರು ನೋಟುಬುಕ್ ತೆರೆದು, ಸೀಮೆಯ ಇತಿಹಾಸದಲ್ಲಿ ಬರೆದಿಡಬೇಕಾದ ಪ್ರಶ್ನೆ ಕೇಳಿದರು:

“ಭಾವ, ಹಾರದು ಸರಿ. ಇಳಿಯದು ಎಲ್ಲಿ ಹೇಳು?”

ಜೀಪಿನ ಚಾಲಕನೂ ಸೇರಿ ಎಲ್ಲರೂ ಕೆಳಗೆ ನೋಡಿದರು. ಮರ. ಅದರಾಚೆ ಮರ. ಮಾಸ್ತರು ಲೆಕ್ಕ ಬಿಡಿಸಿದರು. ಸಾಧಾರಣ ಹ್ಯಾಂಗ್ ಗ್ಲೈಡರು ಒಂದು ಮೀಟರ್ ಇಳಿಯುವಷ್ಟರಲ್ಲಿ ಹತ್ತು ಹನ್ನೆರಡು ಮೀಟರ್ ಮುಂದೆ ಸಾಗುತ್ತದೆ. ಐನೂರು ಮೀಟರ್ ಎತ್ತರದಿಂದ ಹೊರಟರೆ ಐದಾರು ಕಿಲೋಮೀಟರ್, ಅಷ್ಟೆ. ಕುಮಟಾದ ಬಯಲು ಅದಕ್ಕಿಂತ ಬಹಳ ಆಚೆ. ಬಿಸಿಗಾಳಿಯ ಸುಳಿ ಸಿಕ್ಕರೆ ಹದ್ದಿನ ಹಾಗೆ ಸುತ್ತಿ ಮೇಲೇರಬಹುದು ನಿಜ. ಹಾಗೆ ಏರಿಯೇ 2012ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಡಸ್ಟಿನ್ ಮಾರ್ಟಿನ್ ಒಂದೇ ಹಾರಾಟದಲ್ಲಿ 764 ಕಿ.ಮೀ. ಹೋದದ್ದು. ಬಿಳಗಿಯಿಂದ ನೇರ ಮೂಡಲಿಗೆ ಅಷ್ಟು ಹೋದವನು ಆಂಧ್ರದ ಕರಾವಳಿ ದಾಟಿ ಬಂಗಾಳ ಕೊಲ್ಲಿಯಲ್ಲಿ ಬೀಳುತ್ತಾನೆ. ಆದರೆ ಸುಳಿ ಏಳುವುದು ಕಾದ ಬಯಲಿನ ಮೇಲೆ, ಬಂಡೆಯ ಮೇಲೆ. ನಮ್ಮ ಕಾಡು ಅಷ್ಟು ಸುಲಭಕ್ಕೆ ಕಾಯುವುದಿಲ್ಲ.

“ತೋಟದಲ್ಲಿ ಇಳಿದರೆ?” ಎಂದು ಒಬ್ಬರು ಕೇಳಿ ನಾಲಿಗೆ ಕಚ್ಚಿಕೊಂಡರು. ತೋಟ ಎಂದರೆ ಕಣಿವೆ ತುಂಬ ಅರವತ್ತಡಿಯ ಕಂಬಗಳು. ಸೊಪ್ಪಿನ ಬೆಟ್ಟ? ಒಂದೆಕರೆ ತೋಟಕ್ಕೆ ಒಂಬತ್ತೆಕರೆವರೆಗೆ ಬೆಟ್ಟದ ಸವಲತ್ತೇನೋ ಉಂಟು, ಆದರೆ ಸೊಪ್ಪು ಕಡಿದು ಕಡಿದು ಆ ಮರಗಳ ತಲೆ ಈಟಿಯಂತಾಗಿದೆ. ಸೀಮೆಯಲ್ಲಿ ಸಮತಟ್ಟಾಗಿ, ತೆರೆದು, ಬಿಸಿಲು ಬೀಳುವ ಜಾಗ ಎಂದರೆ ಮನೆಯಂಗಳ. ಅಲ್ಲಿ ಫೆಬ್ರವರಿ 29ರಂದು ಚಾಲಿ ಹರವಿರುತ್ತದೆ. ಗುಂಡಗಿನ ಅಡಿಕೆಯ ಮೇಲೆ ಓಡುತ್ತಾ ಇಳಿಯುವ ಸ್ಪರ್ಧಿಯ ಚಿತ್ರ ಎಲ್ಲರ ಕಣ್ಣಿಗೂ ಕಟ್ಟಿತು. ಅಡಿಕೆಗೆ ಎಷ್ಟು ಹಾನಿಯಾದೀತು ಎಂಬ ಚರ್ಚೆ ಅರ್ಧ ಗಂಟೆ ನಡೆಯಿತು. ಸ್ಪರ್ಧಿಯ ಹಾನಿ ಕಾರ್ಯಸೂಚಿಯಲ್ಲಿರಲಿಲ್ಲ.

ಸಂಚಾಲಕರೆಂದರೆ ಇಂಥದಕ್ಕೆಲ್ಲ ಕುಗ್ಗುವ ಜೀವವಲ್ಲ. “ಇಳಿಯ ವಿಚಾರ ಉಪಸಮಿತಿ ನೋಡ್ಕತ್ತು” ಎಂದು ಅವರು ಅನುಮತಿಗಳ ಕಡೆ ಹೊರಳಿದರು. ಕೇಂದ್ರ ಸರಕಾರ 2022ರ ಜೂನಿನಲ್ಲಿ ರಾಷ್ಟ್ರೀಯ ವಾಯುಕ್ರೀಡಾ ನೀತಿ ಹೊರಡಿಸಿದೆ. ಹನ್ನೊಂದು ಕ್ರೀಡೆಗಳ ಪಟ್ಟಿಯಲ್ಲಿ ಹ್ಯಾಂಗ್ ಗ್ಲೈಡಿಂಗ್ ಕೂಡ ಇದೆ. ನಾಲ್ಕು ಹಂತದ ಆಡಳಿತ: ತುದಿಯಲ್ಲಿ ಅಖಿಲ ಭಾರತ ಮಟ್ಟದ ವಾಯುಕ್ರೀಡಾ ಒಕ್ಕೂಟ, ಬುಡದಲ್ಲಿ ಜಿಲ್ಲಾಮಟ್ಟದ ಸಂಘಗಳು. ಸಮಿತಿಯ ಮೇಲೆ ಸಮಿತಿ, ಅದರ ಮೇಲೆ ಇನ್ನೊಂದು! ಈ ಪುಟಗಳನ್ನು ಓದುವಾಗ ಸಂಚಾಲಕರ ಮುಖದಲ್ಲಿ ಮೂಡಿದ ಕಳೆಯನ್ನು ಭೀಮನಗುಡ್ಡದ ಸೂರ್ಯಾಸ್ತವೂ ತರಿಸಿರಲಿಲ್ಲ. ಜಿಲ್ಲಾ ಸಂಘದ ಅಧ್ಯಕ್ಷಗಿರಿ ಖಾಲಿ ಇದೆ ಎಂಬುದನ್ನು ಅವರು ಎರಡು ಸಲ ಅಡಿಗೆರೆ ಎಳೆದು ಗುರುತಿಸಿಕೊಂಡರು.

ಉಳಿದ ಇಲಾಖೆಗಳು ಅಷ್ಟು ಕಾವ್ಯಮಯವಾಗಿರಲಿಲ್ಲ. ಜಿಲ್ಲೆಯ ಮುಕ್ಕಾಲುಪಾಲು ಅರಣ್ಯ. ಅಘನಾಶಿನಿ ಕಣಿವೆಯನ್ನು 2011ರಲ್ಲಿ ಸಿಂಗಳೀಕಗಳ ಸಂರಕ್ಷಣೆಗೆ ಮೀಸಲಿಡಲಾಗಿದೆ. ಮೇಲಿನಿಂದ ಬಂದದ್ದೆಲ್ಲ ಸಿಂಗಳೀಕಕ್ಕೆ ಹದ್ದೇ. ಕೈಗಾದಲ್ಲಿ ಅಣುಸ್ಥಾವರ, ಕಾರವಾರದಲ್ಲಿ ನೌಕಾನೆಲೆ; ದಾರಿ ತಪ್ಪಿ ಅತ್ತ ತೇಲಿದ ಸ್ಪರ್ಧಿಯನ್ನು ಬಿಡಿಸಿಕೊಂಡು ಬರಲು ಯಾವ ಉಪಾಧ್ಯಕ್ಷರೂ ಮುಂದಾಗಲಿಲ್ಲ. ಇನ್ನು ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಸಿದ್ದಾಪುರ ತಾಲೂಕನ್ನೂ ಬಿಟ್ಟಿಲ್ಲ, ಅದರ ಹಾವಳಿ ಚಳಿಗಾಲದಿಂದ ಬೇಸಿಗೆಯ ತನಕ. ಮರದಲ್ಲಿ ಸಿಕ್ಕಿಬಿದ್ದ ಸ್ಪರ್ಧಿಯನ್ನು ಹುಡುಕಲು ಕಾಡು ಹೊಗುವವರೆಲ್ಲ ಉಣುಗು ಕಚ್ಚದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳಬೇಕು. ಆಯವ್ಯಯದಲ್ಲಿ ಎಣ್ಣೆಗೆಂದು ಒಂದು ಸಾಲು ಸೇರಿತು. ಅಡುಗೆ ಎಣ್ಣೆಯ ಕೆಳಗೆ.

ಮನೆಯಲ್ಲಿ ವಿರೋಧಪಕ್ಷ ಎಚ್ಚರವಾಗಿತ್ತು. “ತೋಟಕ್ಕೆ ಮದ್ದು ಹೊಡಿಯಲೆ ಜನ ಸಿಗ್ತ್ವಿಲ್ಲೆ. ನಿಂಗ ಹಾರಲೆ ಜನ ಹುಡುಕ್ತಾ ಇದ್ರಿ” ಎಂಬ ಮಾತಿಗೆ ಸಂಚಾಲಕರಲ್ಲಿ ಉತ್ತರವಿರಲಿಲ್ಲ. ಉತ್ತರದ ಬದಲು ಅವರಿಗೆ ಒಂದು ಉಪಾಯ ಹೊಳೆಯಿತು. ಸೀಮೆಯಲ್ಲಿ ಎತ್ತರಕ್ಕೆ ಹೆದರದವರು ಯಾರು? ಕೊನೆಗೌಡ. ಅರವತ್ತಡಿ ಮರ ಏರಿ, ಕೊನೆ ಕೊಯ್ದು ನೇಣಿನಲ್ಲಿ ಜಾರಿಬಿಟ್ಟು, ಕೆಳಗಿಳಿಯುವ ಗೊಡವೆಯಿಲ್ಲದೆ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುವವನು. ಅಲ್ಯೂಮಿನಿಯಂ ಇಲ್ಲ, ವಿಮೆ ಇಲ್ಲ, ಅವನಿಗೆ ಶಾಲು ಹೊದೆಸಿದ್ದನ್ನು ಈ ಸೀಮೆಯಲ್ಲಿ ನೋಡಿದವರೂ ಕಡಿಮೆ. ಅವನನ್ನೇ ರೆಕ್ಕೆಗೆ ಕಟ್ಟಿದರೆ ಸ್ಥಳೀಯ ಪ್ರತಿಭೆಗೆ ಪ್ರೋತ್ಸಾಹವೂ ಆಯಿತು.

ಕೊನೆಗೌಡ ಮೊಬೈಲಿನಲ್ಲಿ ವಿಡಿಯೊವನ್ನು ಎರಡು ಸಲ ನೋಡಿದ.

“ಮೇಲೆ ಹೋಗಿ ಬರೂದೇನೋ ಸರಿ ಹೆಗಡೇರೆ. ಬರೂವಾಗ ಕೆಳಗೆ ತರೂದು ಎಂತದು?”

ತರುವುದಕ್ಕೆ ಏನೂ ಇಲ್ಲ, ಇದು ಕ್ರೀಡೆ ಎಂದಾಗ ಅವನು ದಿನದ ಸಂಬಳ ಕೇಳಿದ. ಕೊಯ್ಲಿನ ದಿನಗಳ ಸಂಬಳ. ಪ್ರಥಮ ಬಹುಮಾನದ ಮೊತ್ತ ಅದಕ್ಕಿಂತ ಕಡಿಮೆಯಿತ್ತು.

ಇಷ್ಟೆಲ್ಲದರ ನಡುವೆ ಬೆಂಗಳೂರಿನಿಂದ ಹಾರುವ ಹುಡುಗಿಯೊಬ್ಬಳು ಬಂದಳು, ಉಪಾಧ್ಯಕ್ಷರೊಬ್ಬರ ಮಗನ ಗೆಳತಿ. ಅವಳಿಗಾಗಿ ತೊಡದೇವು ಆಯಿತು, ಅಪ್ಪೆಹುಳಿ ಆಯಿತು, ಸ್ವಾಗತ ಭಾಷಣ ಆಯಿತು. ಭಾಷಣ ಮುಗಿಯುವವರೆಗೂ ಅವಳು ಎದುರಿನ ಮರದ ತುದಿಯನ್ನೇ ನೋಡುತ್ತಿದ್ದಳು. ಸಂಕೋಚವೆಂದು ಸಭೆ ತಿಳಿಯಿತು. ಅವಳು ಗಾಳಿ ಯಾವ ಕಡೆಯದೆಂದು ನೋಡುತ್ತಿದ್ದಳು. ಗುಡ್ಡ ಹತ್ತಿ ಇಳಿದ ಮೇಲೆ ಅವಳು ಹೇಳಿದ್ದಿಷ್ಟು: ಇಂಥ ಚಂದದ ಜಾಗ ನೋಡಿಲ್ಲ, ಇಲ್ಲಿಂದ ಹಾರುವುದಿಲ್ಲ, ಇಳಿಯಲು ಮರ, ತಂತಿ ಇಲ್ಲದ ನೂರು ಮೀಟರಿಗೂ ಹೆಚ್ಚು ಉದ್ದದ ಬಯಲು ಮೊದಲು ಹುಡುಕಿ, ಅಲ್ಲಿ ಗಾಳಿಚೀಲವೊಂದನ್ನು ಕಟ್ಟಿ, ಒಂದು ವರ್ಷ ಗಾಳಿಯ ದಿಕ್ಕು, ವೇಗ ಬರೆದಿಡಿ, ಆಮೇಲೆ ಮಾತಾಡೋಣ.

ಬೇರೆ ಯಾರಾದರೂ ಇದನ್ನು ನಿರಾಕರಣೆ ಎಂದುಕೊಳ್ಳುತ್ತಿದ್ದರು. ಸಂಚಾಲಕರಿಗೆ ಕೇಳಿಸಿದ್ದು ‘ಕಟ್ಟಿ’ ಮತ್ತು ‘ಬರೆದಿಡಿ’ ಎಂಬೆರಡು ಮಾತು. ಮಾರನೆಯ ದಿನವೇ ಹಳೆಯ ಕೆಂಪು ಲುಂಗಿಯೊಂದು ಟೇಲರನ ಹತ್ತಿರ ಹೋಗಿ, ಒಂದು ಬಾಯಿ ದೊಡ್ಡದು ಒಂದು ಬಾಯಿ ಸಣ್ಣದಾದ ಚೀಲವಾಗಿ ಬಂತು. ಶಾಲೆಯ ಮೈದಾನದ ಮೂಲೆಯಲ್ಲಿ ಅಡಿಕೆ ಮರದ ಕಂಬ ನಿಂತಿತು. ಉದ್ಘಾಟನೆಗೆ ಮುಖ್ಯ ಅತಿಥಿ ಬಂದರು, ಶಾಲು ಕೆಲಸಕ್ಕೆ ಬಂತು, ಮಧ್ಯಾಹ್ನ ಊಟಕ್ಕೆ ಮುನ್ನೂರು ಜನ.

ಫೆಬ್ರವರಿ 29 ಬಂತು, ಹೋಯಿತು. ಅಂದು ಊರಿನವರೆಲ್ಲ ಅಡಿಕೆ ಸುಲಿಯುತ್ತಿದ್ದರು. ಸ್ಪರ್ಧೆ ರದ್ದಾಗಿಲ್ಲ. ಸಂಚಾಲಕರ ನಿಘಂಟಿನಲ್ಲಿರುವುದು ಮುಂದೂಡಿಕೆ ಮಾತ್ರ. ಆದರೆ ಗಾಳಿಚೀಲಕ್ಕೆ ಬೇರೆಯದೇ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಬೆಳಿಗ್ಗೆ ಏಳು ಗಂಟೆಗೆ ಅವರ ಮನೆಯ ಫೋನು ಶುರು: “ಭಾವ, ಗಾಳಿ ಹ್ಯಾಂಗಿದ್ದು? ಅಡಿಕೆ ಹರವ್ಲಕ್ಕ?” ಸಂಚಾಲಕರು ಜಗಲಿಯಿಂದ ಇಳಿದು, ಕನ್ನಡಕ ಏರಿಸಿ, ಮೈದಾನದ ಕಡೆ ನೋಡಿ, ಎರಡು ಮಾತು ಪ್ರಾಸ್ತಾವಿಕ ಮುಗಿಸಿ, ಪಡುವಣ ಗಾಳಿ, ಮೋಡ ತೆಳು, ಹರವಬಹುದು ಎಂದು ಸಮಿತಿಯ ಪರವಾಗಿ ತಿಳಿಸುತ್ತಾರೆ. ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದೂ ಇಡುತ್ತಾರೆ.

ವಾರ್ಷಿಕ ಲೆಕ್ಕಪತ್ರದ ಸಭೆಯಲ್ಲಿ ಇದನ್ನು ‘ವೈಮಾನಿಕ ಹವಾಮಾನ ಕೇಂದ್ರ ಸ್ಥಾಪನೆ’ ಎಂದು ಓದಲಾಯಿತು. ಎಲ್ಲರೂ ಒಪ್ಪಿದರು. ಖಜಾಂಚಿ ಮಾತ್ರ ಎದ್ದುನಿಂತು, ಕೇಂದ್ರದ ಯಂತ್ರೋಪಕರಣವೆಂದು ತೋರಿಸಿರುವ ಲುಂಗಿ ತಮ್ಮದು, ಮೇಳದ ದಿನ ಗಂಜಿ ಬಸಿಯಲು ಕೊಟ್ಟದ್ದು, ಒಗೆದು ವಾಪಸು ಕೊಡಬೇಕು ಎಂದು ಆಕ್ಷೇಪ ಎತ್ತಿದರು. ವಿಷಯವನ್ನು ಉಪಸಮಿತಿಗೆ ಒಪ್ಪಿಸಲಾಗಿದೆ.